ಡೇಟಾಬೇಸ್: ಬಳಸಲು ಇರುವುದು, ಕಲಿಯಲು ನಿಮ್ಮದು

ಪ್ರೋಗ್ರಾಮಿಂಗ್ ಕಲಿಯುವವರಿಗೆ ಮೊದಲ ಕೆಲವು ತಿಂಗಳಲ್ಲೇ ಒಂದು ತೊಡಕು ಎದುರಾಗುತ್ತದೆ. ಬರೆದ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತದೆ. ಆದರೆ ಅದನ್ನು ಮುಚ್ಚಿದ ಕೂಡಲೇ ಒಳಗಿದ್ದ ಮಾಹಿತಿಯೆಲ್ಲ ಮಾಯ. ನಾಳೆ ತೆರೆದಾಗ ನಿನ್ನೆಯ ಲೆಕ್ಕ ಸಿಗಬೇಕಾದರೆ ಅದನ್ನು ಎಲ್ಲಾದರೂ ಇಟ್ಟಿರಬೇಕು. ಕಾಲೇಜಿನ ಸೀನಿಯರ್ ಒಬ್ಬರನ್ನು ಕೇಳಿದರೆ, “ರೆಡಿಮೇಡ್ ಡೇಟಾಬೇಸ್ ಇದೆಯಲ್ಲ, ಹಾಕ್ಕೊಂಡು ಮುಂದೆ ಹೋಗು” ಎನ್ನುತ್ತಾರೆ. ಇನ್ನೊಬ್ಬರು, “ಎಲ್ಲಾನೂ ರೆಡಿಮೇಡ್ ತಂದರೆ ನೀನು ಕಲಿಯೋದೇನು? ನೀನೇ ಬರಿ” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹೊಸಬರು ಮಾತ್ರ ಇದನ್ನು ತಮ್ಮ ಸಾಮರ್ಥ್ಯದ ಪ್ರಶ್ನೆ ಅಂದುಕೊಂಡು ಒದ್ದಾಡುತ್ತಾರೆ. ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಒಳಗೆ ಇಡುವ ಮಾಹಿತಿ ಯಾರದು, ಅದು ಕಳೆದುಹೋದರೆ ನಷ್ಟ ಯಾರಿಗೆ?

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಹಾಲಿನ ಡೈರಿಗೆ ಪ್ರೋಗ್ರಾಂ ಬರೆಯಲು ಹೊರಟಿದ್ದಾಳೆ ಎನ್ನಿ. ಹಾಲು ಹಾಕುವವರು 200 ಮಂದಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು. ಪ್ರತಿ ಸಲ ಸದಸ್ಯರ ನಂಬರು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ದರ ಎಷ್ಟು ಎಂದು ಒಂದು ಸಾಲು. ವರ್ಷಕ್ಕೆ 1,46,000 ಸಾಲು. ಇಷ್ಟಕ್ಕೆ ದೊಡ್ಡ ಡೇಟಾಬೇಸ್ ಯಾಕೆ, ಒಂದು ಟೆಕ್ಸ್ಟ್ ಫೈಲ್ ಸಾಕಲ್ಲ ಎಂದು ಅವಳಿಗೆ ಅನ್ನಿಸುವುದು ಸಹಜ. ಅವಳ ಲೆಕ್ಕಾಚಾರ ತೀರಾ ತಪ್ಪೂ ಅಲ್ಲ. ಇಂದಿನ ಸಾಧಾರಣ ಲ್ಯಾಪ್‌ಟಾಪ್ ಅಷ್ಟು ಸಾಲನ್ನು ಕಣ್ಣು ಮಿಟುಕಿಸುವುದರೊಳಗೆ ಓದಿಬಿಡುತ್ತದೆ. ವೇಗ ಇಲ್ಲಿ ಸಮಸ್ಯೆಯೇ ಅಲ್ಲ.

ಸಮಸ್ಯೆ ಶುರುವಾಗುವುದು ತಿದ್ದುಪಡಿಯಿಂದ. 45ನೇ ನಂಬರಿನವರ ಹಾಲು 6 ಲೀಟರ್ ಅಲ್ಲ, 8 ಲೀಟರ್ ಎಂದು ಸರಿಪಡಿಸಬೇಕು. ಹೊಸಬರು ಬರೆಯುವ ಕೋಡ್ ಸಾಮಾನ್ಯವಾಗಿ ಇಡೀ ಫೈಲನ್ನು ಓದಿ, ಒಂದು ಸಾಲು ತಿದ್ದಿ, ಮತ್ತೆ ಅದೇ ಹೆಸರಿನಲ್ಲಿ ಪೂರ್ತಿ ಬರೆಯುತ್ತದೆ. ಬರೆಯುವುದಕ್ಕೆಂದು ಫೈಲ್ ತೆರೆದ ಕ್ಷಣದಲ್ಲಿ ಕಂಪ್ಯೂಟರ್ ಮಾಡುವ ಮೊದಲ ಕೆಲಸ ಹಳೆಯದನ್ನೆಲ್ಲ ಅಳಿಸಿ ಫೈಲಿನ ಅಳತೆಯನ್ನು ಸೊನ್ನೆಗೆ ಇಳಿಸುವುದು. ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋದರೆ? ವರ್ಷದ ಲೆಕ್ಕ ಹೋಯಿತು. ಬಟವಾಡೆಯ ದಿನ ಬಾಗಿಲಿಗೆ ಬಂದ 200 ಮಂದಿಗೆ ಡೈರಿ ಕಾರ್ಯದರ್ಶಿ ಏನು ಹೇಳಬೇಕು?

ಚುರುಕಿನ ವಿದ್ಯಾರ್ಥಿನಿ ಇದಕ್ಕೊಂದು ಉಪಾಯ ಹುಡುಕುತ್ತಾಳೆ: ಮೊದಲು ಬೇರೆ ಫೈಲಿಗೆ ಬರೆದು, ಅದು ಮುಗಿದ ಮೇಲೆ ಹೆಸರು ಬದಲಿಸುವುದು. ಒಳ್ಳೆಯ ಉಪಾಯವೇ. ಆದರೆ ‘ಬರೆದಾಯಿತು’ ಎಂದು ಆಪರೇಟಿಂಗ್ ಸಿಸ್ಟಂ ಹೇಳುವಾಗ ಮಾಹಿತಿ ಡಿಸ್ಕಿಗೆ ಇಳಿದಿರುವುದಿಲ್ಲ. ಅದಿನ್ನೂ ಮೆಮೊರಿಯಲ್ಲೇ ಇದ್ದು, ಬಿಡುವಾದಾಗ ಕೆಳಗಿಳಿಯಲು ಕಾಯುತ್ತಿರುತ್ತದೆ. ಈಗಲೇ ಇಳಿಸು ಎಂದು ಹೇಳಲು ಎಫ್‌ಸಿಂಕ್ ಎಂಬ ಬೇರೆಯದೇ ಆಜ್ಞೆ ಕೊಡಬೇಕು. ಲಿನಕ್ಸ್‌ನಂಥ ವ್ಯವಸ್ಥೆಯಲ್ಲಿ ಫೈಲಿಗೆ ಮಾತ್ರವಲ್ಲ, ಅದು ಇರುವ ಫೋಲ್ಡರಿಗೂ ಕೊಡಬೇಕು. ಇನ್ನು ಕಾರ್ಯದರ್ಶಿ ಒಂದು ಕಂಪ್ಯೂಟರಿನಲ್ಲಿ, ಹಾಲು ಅಳೆಯುವವರು ಇನ್ನೊಂದರಲ್ಲಿ ಒಂದೇ ಸಮಯಕ್ಕೆ ಫೈಲ್ ತೆರೆದರೆ, ಕೊನೆಗೆ ಉಳಿಸಿದವರ ಪ್ರತಿ ನಿಲ್ಲುತ್ತದೆ, ಮೊದಲು ಉಳಿಸಿದವರ ಕೆಲಸ ಸದ್ದಿಲ್ಲದೆ ಅಳಿಯುತ್ತದೆ.

ಕನ್ನಡದಲ್ಲಿ ಮಾಹಿತಿ ಇಡುವವರಿಗೆ ಮತ್ತೂ ಒಂದು ಪೇಚು ಕಾದಿದೆ. ಸ್ವಂತ ಫೈಲ್ ವಿನ್ಯಾಸ ಮಾಡುವ ಹೊಸಬರು ‘ಊರಿನ ಹೆಸರಿಗೆ 20 ಬೈಟ್ ಸಾಕು’ ಎಂದು ಜಾಗ ನಿಗದಿ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್, ಹಾಗಾಗಿ ಧಾರಾಳವಾಯಿತು. ಆದರೆ ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಮತ್ತು ಒತ್ತಕ್ಷರ, ಕಾಗುಣಿತದ ಗುರುತುಗಳೆಲ್ಲ ಬೇರೆ ಬೇರೆ ಸಂಕೇತಗಳು. ‘ಬಳ್ಳಾರಿ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಬ, ಳ, ವಿರಾಮ, ಳ, ಆಕಾರ, ರ, ಇಕಾರ ಎಂಬ 7 ಸಂಕೇತ, ಒಟ್ಟು 21 ಬೈಟ್. ಇಪ್ಪತ್ತಕ್ಕೆ ಕತ್ತರಿಸಿದರೆ ಕೊನೆಯ ಗುಡಿಸು ಅರ್ಧಕ್ಕೆ ತುಂಡಾಗಿ, ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಮೂಡುತ್ತದೆ.

ಮೇಲಿನ ಒಂದೊಂದು ಸಮಸ್ಯೆಯ ಹಿಂದೆಯೂ ಯಾರೋ ವರ್ಷಗಟ್ಟಲೆ ಕೂತಿದ್ದಾರೆ. ಮಾಹಿತಿಯನ್ನು ಟೇಬಲ್‌ಗಳಾಗಿ ನೋಡುವ ಕ್ರಮವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಲಕ್ಷಾಂತರ ಸಾಲುಗಳ ನಡುವೆ ಬೇಕಾದ್ದನ್ನು ಬೇಗ ಹುಡುಕಲು ಬೇಕಾದ ಬಿ-ಟ್ರೀ ರಚನೆಯನ್ನು ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದರು. ಅದರಲ್ಲಿ ಡಿಸ್ಕಿನ ಒಂದು ಪುಟದಿಂದ ನೂರು ಪುಟಗಳಿಗೆ ದಾರಿ ಇದ್ದರೆ, ಮೂರೇ ಹೆಜ್ಜೆಯಲ್ಲಿ ಹತ್ತು ಲಕ್ಷದಲ್ಲಿ ಒಂದನ್ನು ಮುಟ್ಟಬಹುದು. ಕರೆಂಟು ಹೋಗಿ ಬಂದ ಮೇಲೆ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿ ಮಾಡುವುದೋ ಪೂರ್ತಿ ರದ್ದು ಮಾಡುವುದೋ ಎಂಬುದಕ್ಕೆ ಶಿಸ್ತಿನ ವಿಧಾನ ಏರೀಸ್. 1992ರಲ್ಲಿ ಅದನ್ನು ಪ್ರಕಟಿಸಿದ ಐಬಿಎಂ ತಂಡದ ಮುಂದಾಳು ಐಐಟಿ ಮದ್ರಾಸಿನಲ್ಲಿ ಓದಿದ ಸಿ. ಮೋಹನ್. ಏನು ಬದಲಾಯಿಸಲಿದ್ದೇನೆ ಎಂಬುದನ್ನು ಮೊದಲು ದಿನಚರಿಯಲ್ಲಿ (ಲಾಗ್) ಬರೆದು ಭದ್ರ ಮಾಡು, ಆಮೇಲೆ ಮೂಲವನ್ನು ಮುಟ್ಟು ಎಂಬುದು ಅದರ ತಳಹದಿ.

ವಿಧಾನ ಗೊತ್ತಿದ್ದರಷ್ಟೇ ಸಾಲದು ಎಂಬುದಕ್ಕೆ 2018ರ ಒಂದು ಪ್ರಸಂಗ ಸಾಕ್ಷಿ. ಪೋಸ್ಟ್‌ಗ್ರೆಸ್ ಜಗತ್ತಿನ ಅತ್ಯಂತ ನಂಬಿಕಸ್ಥ ಡೇಟಾಬೇಸ್‌ಗಳಲ್ಲಿ ಒಂದು. ಡಿಸ್ಕಿಗೆ ಇಳಿಸುವಾಗ ದೋಷ ಬಂದರೆ ಅದು ಎಫ್‌ಸಿಂಕ್ ಆಜ್ಞೆಯನ್ನು ಇನ್ನೊಮ್ಮೆ ಕೊಡುತ್ತಿತ್ತು. ಎರಡನೇ ಸಲ ‘ಸರಿ’ ಎಂದು ಉತ್ತರ ಬಂದರೆ ಮಾಹಿತಿ ಇಳಿಯಿತು ಎಂದು ನಂಬುತ್ತಿತ್ತು. ಆದರೆ ಲಿನಕ್ಸ್ ದೋಷವನ್ನು ಒಮ್ಮೆ ಮಾತ್ರ ಹೇಳಿ, ಇಳಿಯದೆ ಉಳಿದ ಪುಟವನ್ನು ಇಳಿದದ್ದೆಂದೇ ಗುರುತು ಹಾಕಿಬಿಡುತ್ತಿತ್ತು. ಇದು ಬೆಳಕಿಗೆ ಬರುವ ಹೊತ್ತಿಗೆ ಪೋಸ್ಟ್‌ಗ್ರೆಸ್‌ನ ಆ ಕೋಡಿಗೆ ಸುಮಾರು ಎರಡು ದಶಕ ವಯಸ್ಸಾಗಿತ್ತು. 2019ರ ಫೆಬ್ರುವರಿಯಲ್ಲಿ ಬಂದ ಆವೃತ್ತಿಗಳಲ್ಲಿ ಪರಿಹಾರ ಸಿಕ್ಕಿತು: ಅಂಥ ದೋಷ ಬಂದರೆ ಮರುಪ್ರಯತ್ನ ಬೇಡ, ಬೇಕೆಂದೇ ನಿಂತುಹೋಗು, ದಿನಚರಿ ನೋಡಿ ಹೊಸದಾಗಿ ಚೇತರಿಸಿಕೊ. ಇದನ್ನೇ ಜೀವನವೃತ್ತಿ ಮಾಡಿಕೊಂಡವರ ಕಣ್ಣಿಗೂ ಅಷ್ಟು ಕಾಲ ಬೀಳದ ಹುಳುಕು ಸೆಮಿಸ್ಟರ್ ರಜೆಯಲ್ಲಿ ಬರೆದ ಕೋಡಿನಲ್ಲಿ ಇರುವುದಿಲ್ಲ ಎಂದು ಧೈರ್ಯವಾಗಿ ಹೇಳುವವರು ಯಾರು?

ಹಾಗಾದರೆ ಡೈರಿಯ ಮಟ್ಟಿಗೆ ಉತ್ತರ ಸರಳ. ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್, ಲೆಕ್ಕ ಬರೆಯುವುದು ಒಂದೇ ಕಂಪ್ಯೂಟರಿನಲ್ಲಾದರೆ, ಸಾಕು. ಬೇರೆ ಸರ್ವರ್ ಬೇಡ, ದುಡ್ಡು ಬೇಡ, ಲೈಸೆನ್ಸಿನ ಗೋಜಿಲ್ಲ. ಅದರ ಕೋಡ್ ಸಾರ್ವಜನಿಕರ ಸೊತ್ತು. ಪೈಥಾನ್ ಜೊತೆಗೇ ಅದು ಬರುತ್ತದೆ. ನಿಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನಾದರೂ ಐಫೋನಾದರೂ ಒಳಗೆ ಅದೇ ಕೂತಿದೆ. 2023ರ ಅದರ ಒಂದು ಆವೃತ್ತಿಯ ಮೂಲ ಕೋಡ್ ಸುಮಾರು 1.56 ಲಕ್ಷ ಸಾಲು. ಅದನ್ನು ಪರೀಕ್ಷಿಸಲು ಬರೆದ ಕೋಡ್ ಅದರ 590 ಪಟ್ಟು, ಅಂದರೆ 9 ಕೋಟಿ ಸಾಲಿಗೂ ಮೀರಿದ್ದು. ಬರೆಯುವ ನಡುವೆ ಕರೆಂಟು ಹೋದರೆ, ಮೆಮೊರಿ ಸಾಲದೆ ಬಂದರೆ, ಡಿಸ್ಕ್ ಕೈಕೊಟ್ಟರೆ ಎಂದೆಲ್ಲ ಕೃತಕವಾಗಿ ಪೆಟ್ಟು ಕೊಟ್ಟು ನೋಡುವ ಪರೀಕ್ಷೆಗಳೂ ಅದರಲ್ಲಿವೆ. ಎರವಲು ತರುವಾಗ ನಮಗೆ ಸಿಗುವುದು ಕೋಡ್ ಮಾತ್ರವಲ್ಲ, ಈ ಪೆಟ್ಟು ತಿಂದ ಅನುಭವವೂ.

ಇದೇ ಎಸ್‌ಕ್ಯೂಲೈಟ್ ಹುಟ್ಟಿದ ಬಗೆ ನಮ್ಮ ಪ್ರಶ್ನೆಗೆ ಇನ್ನೊಂದು ಮಗ್ಗುಲಿನಿಂದ ಉತ್ತರ ಕೊಡುತ್ತದೆ. ಅಮೆರಿಕದ ರಿಚರ್ಡ್ ಹಿಪ್ ಅಲ್ಲಿನ ನೌಕಾಪಡೆಯ ಯುದ್ಧನೌಕೆಗೆ ಸಂಬಂಧಿಸಿದ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಹಡಗಿಗೆ ಹಾನಿಯಾದಾಗ ಯಾವ ಕವಾಟ ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ಹೇಳುವ ಪ್ರೋಗ್ರಾಂ ಅದು. ಅದು ನೆಚ್ಚಿಕೊಂಡಿದ್ದ ಡೇಟಾಬೇಸ್ ಸರ್ವರ್ ನಿಂತುಹೋದರೆ, ಅತಿ ಅಗತ್ಯದ ಹೊತ್ತಿಗೇ ಪರದೆಯ ಮೇಲೆ ಸಂಪರ್ಕ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು. ಸರ್ವರ್ ಇಲ್ಲದೆ ನೇರ ಡಿಸ್ಕಿನಿಂದ ಓದುವ ಡೇಟಾಬೇಸ್ ಯಾಕಿರಬಾರದು ಎಂಬ ಯೋಚನೆ ಹಿಪ್ ಅವರಿಗೆ ಬಂದದ್ದು ಹಾಗೆ. 2000ದ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಬಂತು. ಆದರೆ ಗಮನಿಸಿ, ಅದರಲ್ಲಿ ಮಾಹಿತಿಯನ್ನು ಡಿಸ್ಕಿನಲ್ಲಿ ಇಡುವ ತಳಪಾಯ ಅವರದಾಗಿರಲಿಲ್ಲ. ಜಿಡಿಬಿಎಂ ಎಂಬ ಸಿದ್ಧ ಲೈಬ್ರರಿಯನ್ನು ಎರವಲು ತಂದು, ಅದರ ಮೇಲೆ ತಮ್ಮದನ್ನು ಕಟ್ಟಿದ್ದರು. ಅದರಲ್ಲಿ ಹೆಸರು ಕೊಟ್ಟರೆ ವಿವರ ಸಿಗುತ್ತಿತ್ತು, ಆದರೆ ಮಾಹಿತಿ ಕ್ರಮವಾಗಿ ಜೋಡಿಸಿ ಸಿಗುತ್ತಿರಲಿಲ್ಲ. ಹಲವು ಬದಲಾವಣೆಗಳನ್ನು ಒಂದೇ ಗಂಟಾಗಿ ಮಾಡುವ, ಇಲ್ಲವೇ ಬಿಡುವ ಸೌಲಭ್ಯವೂ, ಅಂದರೆ ಟ್ರಾನ್ಸಾಕ್ಷನ್, ಇರಲಿಲ್ಲ. ಬಳಸಿ ನೋಡಿದ ಮೇಲೆ ಆ ಕೊರತೆ ಸ್ಪಷ್ಟವಾಯಿತು. ಡೊನಾಲ್ಡ್ ಕನೂತ್ ಅವರ ಗ್ರಂಥಮಾಲೆಯ ಮೂರನೇ ಸಂಪುಟ ತೆಗೆದು ಬಿ-ಟ್ರೀ ಓದಿಕೊಂಡು ಸ್ವಂತದ್ದನ್ನು ಬರೆದರು. 2001ರ ಸೆಪ್ಟೆಂಬರಿನ ಎರಡನೇ ಆವೃತ್ತಿಯಲ್ಲಿ ಜಿಡಿಬಿಎಂ ಹೋಗಿ ಅದು ಬಂತು. ಮೊದಲು ಎರವಲು, ಆಮೇಲೆ ಬಳಕೆ, ಕೊರತೆಯ ಅರಿವು, ಕೊನೆಗೆ ಸ್ವಂತದ್ದು. ಈ ಅನುಕ್ರಮ ತಲೆಕೆಳಗಾದಾಗಲೇ ಹೊಸಬರು ಎಡವುವುದು.

ಎರವಲು ತರುವುದಕ್ಕೂ ವಿವೇಕ ಬೇಕು. ಎಸ್‌ಕ್ಯೂಲೈಟ್‌ನಲ್ಲಿ ಲೀಟರಿನ ಕಾಲಂ ಸಂಖ್ಯೆಗೆ ಮೀಸಲು ಎಂದು ಬರೆದಿದ್ದರೂ, ಬೇರೆ ಕಟ್ಟುಪಾಡು ಹಾಕದಿದ್ದರೆ, ‘ಹತ್ತು’ ಎಂಬ ಪದವನ್ನು ಅದು ನಿರಾತಂಕವಾಗಿ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲೇ ಇಲ್ಲದ ಸದಸ್ಯರ ಹೆಸರಿಗೆ ಹಾಲು ಬರೆಯದಂತೆ ತಡೆಯುವ ಫಾರಿನ್ ಕೀ ನಿಯಮವನ್ನು ನಾವಾಗಿ ಚಾಲೂ ಮಾಡದಿದ್ದರೆ ಸಾಮಾನ್ಯವಾಗಿ ಅದು ಜಾರಿಯಾಗುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಯುಟಿಎಫ್-8 ಎಂಬ ಹೆಸರಿನ ವ್ಯವಸ್ಥೆಯಲ್ಲೇ ಬಹುಕಾಲ 3 ಬೈಟಿಗಿಂತ ದೊಡ್ಡ ಸಂಕೇತಕ್ಕೆ ಜಾಗವಿರಲಿಲ್ಲ. ಕನ್ನಡ ಸಲೀಸಾಗಿ ಹಿಡಿಸುತ್ತಿತ್ತು, ಪಕ್ಕದಲ್ಲೊಂದು ಇಮೋಜಿ ಹಾಕಿದರೆ ಕೈಚೆಲ್ಲುತ್ತಿತ್ತು. ಇದಕ್ಕೆಂದೇ 2010ರಲ್ಲಿ ಬೇರೆ ಹೆಸರಿನ ಪೂರ್ಣ ವ್ಯವಸ್ಥೆ ತಂದರು. ಆದ್ದರಿಂದ ಇನ್‌ಸ್ಟಾಲ್ ಮಾಡುವ ಮುಂಚೆ ಕೈಪಿಡಿಯ ನಾಲ್ಕು ಪುಟ ಓದುವ ವ್ಯವಧಾನ ಇರಲಿ.

ಲೈಬ್ರರಿಯನ್ನು ಬಳಸುವುದು ಒಂದು. ಎಲ್ಲೋ ಸಿಕ್ಕ ಹತ್ತು ಸಾಲು ಕೋಡನ್ನು ತಂದು ಅಂಟಿಸುವುದು ಇನ್ನೊಂದು. ಹೊಸಬರು ಎರಡನ್ನೂ ‘ಇರುವ ಕೋಡ್’ ಎಂದೇ ಕರೆಯುತ್ತಾರೆ. ಮೊದಲನೆಯದರ ಹಿಂದೆ ಪರೀಕ್ಷೆ ಇದೆ, ತಪ್ಪು ಕಂಡರೆ ತಿದ್ದುವವರಿದ್ದಾರೆ. ಎರಡನೆಯದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಅಂಥ ತುಣುಕುಗಳಲ್ಲಿ ಪದೇ ಪದೇ ಕಾಣುವ ರೋಗ, ಬಳಕೆದಾರರು ಟೈಪಿಸಿದ್ದನ್ನು ಹಾಗೇ ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ವಾಕ್ಯಕ್ಕೆ ಜೋಡಿಸುವುದು. ಮಂಗಳೂರು ಕಡೆಯ ಸದಸ್ಯರೊಬ್ಬರ ಡಿ'ಸೋಜ ಎಂಬ ಹೆಸರನ್ನು ಇಂಗ್ಲಿಷಿನ ರೂಢಿಯಂತೆ ನಡುವೆ ಮೇಲುಚುಕ್ಕೆ ಹಾಕಿ ಬರೆದರೆ ಸಾಕು, ಆ ಚುಕ್ಕೆಯನ್ನೇ ಹೆಸರಿನ ಕೊನೆ ಎಂದು ಭಾವಿಸಿ ಪ್ರೋಗ್ರಾಂ ಮುಗ್ಗರಿಸುತ್ತದೆ. ಡಿ'ಸೋಜರ ಹೆಸರಿಗೆ ಮುಗ್ಗರಿಸುವ ಪ್ರೋಗ್ರಾಂ ಕೇಡಿಗನೊಬ್ಬ ಅದೇ ಜಾಗದಲ್ಲಿ ಇಡೀ ಟೇಬಲ್ ಅಳಿಸುವ ಆಜ್ಞೆ ಬರೆದರೆ ಅದನ್ನೂ ನಡೆಸಿಕೊಟ್ಟೀತು. ವಾಕ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಖಾಲಿ ಜಾಗ ಬಿಟ್ಟು, ಟೈಪಿಸಿದ ಮೌಲ್ಯವನ್ನು ಪ್ರತ್ಯೇಕವಾಗಿ ಡೇಟಾಬೇಸಿಗೆ ಒಪ್ಪಿಸುವುದು ಇದಕ್ಕಿರುವ ಮದ್ದು. ಎಐ ಬರೆದುಕೊಟ್ಟ ಕೋಡಿಗೂ ಇದೇ ಒರೆಗಲ್ಲು: ಪ್ರತಿ ಸಾಲು ಯಾಕಿದೆ ಎಂದು ನಿಮಗೆ ವಿವರಿಸಲು ಬಂದರೆ ಇಟ್ಟುಕೊಳ್ಳಿ, ಬಾರದಿದ್ದರೆ ಬಿಡಿ.

ಇಷ್ಟೆಲ್ಲ ಕೇಳಿದ ಮೇಲೆ ಸ್ವಂತ ಡೇಟಾಬೇಸ್ ಬರೆಯುವ ಆಸೆಯನ್ನೇ ಕೈಬಿಡಬೇಕೆ? ಖಂಡಿತ ಬೇಡ. ಈಜು ಕಲಿಯಲು ಕೆರೆಗೆ ಇಳಿಯಲೇಬೇಕು; ಊರವರನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿಯಬಾರದು, ಅಷ್ಟೆ. ಕಲಿಕೆಗೆಂದು ಬರೆಯುವ ಡೇಟಾಬೇಸಿನಲ್ಲಿ ಯಾರ ಹಾಲಿನ ದುಡ್ಡೂ ಇರುವುದಿಲ್ಲ. ಹಾಗಾಗಿ ಎಷ್ಟು ಸಲ ಬೇಕಾದರೂ ಕೆಡಿಸಬಹುದು. ಕೆಡಿಸುವುದರಲ್ಲೇ ಪಾಠವಿದೆ.

ಎಲ್ಲಿಂದ ಶುರು ಮಾಡುವುದು ಎಂಬುದಕ್ಕೆ ಬಿಟ್‌ಕಾಸ್ಕ್ ಒಳ್ಳೆಯ ಮಾದರಿ. ರಿಯಾಕ್ ಎಂಬ ಡೇಟಾಬೇಸಿಗಾಗಿ ಬಾಶೋ ಕಂಪನಿಯವರು ರೂಪಿಸಿ 2010ರಲ್ಲಿ ವಿವರ ಪ್ರಕಟಿಸಿದ ವಿನ್ಯಾಸ ಇದು. ತತ್ತ್ವ ಇಷ್ಟೇ: ಫೈಲಿನಲ್ಲಿ ಹಳೆಯದನ್ನು ಎಂದೂ ತಿದ್ದಬೇಡಿ, ಹೊಸದನ್ನು ಕೊನೆಗೆ ಸೇರಿಸುತ್ತ ಹೋಗಿ. ಯಾವ ಹೆಸರಿನ ಇತ್ತೀಚಿನ ವಿವರ ಫೈಲಿನ ಎಷ್ಟನೇ ಬೈಟಿನಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಮೆಮೊರಿಯಲ್ಲಿ ಇಟ್ಟುಕೊಳ್ಳಿ. ಅಳಿಸಬೇಕಾದರೂ ‘ಇದು ಅಳಿದಿದೆ’ ಎಂಬ ಸಾಲನ್ನು ಕೊನೆಗೆ ಸೇರಿಸಿದರಾಯಿತು. ಪೈಥಾನ್‌ನಲ್ಲಿ ಇದರ ಸರಳ ರೂಪ ನೂರು ಸಾಲಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರಶ್ನೆಗಳು ಹುಟ್ಟುವುದು ಆಮೇಲೆ. ಪ್ರೋಗ್ರಾಂ ಮತ್ತೆ ತೆರೆದಾಗ ಆ ಪಟ್ಟಿ ಎಲ್ಲಿಂದ ಬರಬೇಕು? ಫೈಲ್ ಬೆಳೆಯುತ್ತಲೇ ಹೋದರೆ ಹಳೆಯ ಸಾಲುಗಳನ್ನು ಯಾವಾಗ ಗುಡಿಸುವುದು? ಬರೆಯುವ ನಡುವೆ ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸಿದರೆ ಕೊನೆಯ ಸಾಲು ಅರ್ಧ ಉಳಿಯುತ್ತದೆ. ಅದು ಅರ್ಧ ಎಂದು ಮುಂದಿನ ಸಲ ಗುರುತಿಸುವುದು ಹೇಗೆ? ಪ್ರತಿ ಸಾಲಿನ ಜೊತೆ ಅದರ ತಾಳೆಸಂಖ್ಯೆ (ಚೆಕ್‌ಸಮ್) ಇಡಬೇಕೆಂಬುದು ಆಗ ಯಾರೂ ಹೇಳದೆಯೇ ಹೊಳೆಯುತ್ತದೆ.

ಇದಾದ ಮೇಲೆ ಎಸ್‌ಕ್ಯೂಲೈಟ್ ಫೈಲೊಂದನ್ನು ಬೈಟ್ ಬೈಟಾಗಿ ತೋರಿಸುವ ಎಡಿಟರಿನಲ್ಲಿ ತೆರೆದು ನೋಡಿ. ಮೊದಲ 16 ಬೈಟಿನಲ್ಲಿ ಅದರ ಹೆಸರು, ಒಟ್ಟು 100 ಬೈಟಿನ ತಲೆಬರಹ, ಅದೂ ಸೇರಿ ಇಡೀ ಫೈಲು ಸಾಮಾನ್ಯವಾಗಿ 4096 ಬೈಟಿನ ಒಂದೊಂದು ಪುಟ. ಮೊದಲು ಗೋಜಲಾಗಿ ಕಾಣುತ್ತಿದ್ದದ್ದು ಈಗ ಅರ್ಥವಾಗತೊಡಗುತ್ತದೆ. ಕ್ವೆರಿಯೊಂದು ನಿಧಾನವಾದಾಗ ಅದು ಇಡೀ ಟೇಬಲ್ ಜಾಲಾಡುತ್ತಿದೆಯೋ ಇಂಡೆಕ್ಸ್ ಹಿಡಿದು ಹೋಗುತ್ತಿದೆಯೋ ಎಂದು ಊಹಿಸಲು ಬರುತ್ತದೆ. ಸಾವಿರ ಸಾಲನ್ನು ಒಂದೊಂದಾಗಿ ಸೇರಿಸಿದರೆ ತಡವಾಗುವುದು, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿದರೆ ಥಟ್ಟನೆ ಮುಗಿಯುವುದು ಯಾಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ: ಪ್ರತಿ ಸಲ ಡಿಸ್ಕಿಗೆ ಇಳಿಸಿ ಕಾಯುವ ಖರ್ಚು ಎಷ್ಟೆಂದು ನಿಮ್ಮದೇ ಕೋಡಿನಲ್ಲಿ ನೋಡಿರುತ್ತೀರಿ. ಸ್ವಂತದ್ದನ್ನು ಕಟ್ಟಿದವರು ಎರವಲಿನದ್ದನ್ನೂ ಚೆನ್ನಾಗಿ ಬಳಸುತ್ತಾರೆ.

ಅಷ್ಟೇ ಅಲ್ಲ, ಸಿದ್ಧ ಡೇಟಾಬೇಸ್ ತಂದ ಮಾತ್ರಕ್ಕೆ ನೀವು ಬರೆಯುವುದು ಏನೂ ಉಳಿಯುವುದಿಲ್ಲ ಎಂಬುದೂ ಸುಳ್ಳು. ಅದಕ್ಕೆ ಹಾಲಿನ ವ್ಯವಹಾರ ಗೊತ್ತಿಲ್ಲ. 4.1 ಫ್ಯಾಟ್ ಬದಲು 41 ಎಂದು ಬೆರಳು ತಪ್ಪಿದರೆ ತಡೆಯುವ ನಿಯಮ ನೀವೇ ಬರೆಯಬೇಕು. ದಶಮಾಂಶದ ಸಂಖ್ಯೆಗಳನ್ನು ಕಂಪ್ಯೂಟರ್ ಅಂದಾಜಿನಲ್ಲಿ ಇಡುವುದರಿಂದ ಪೈಸೆ ಸೋರದಂತೆ, ರೂಪಾಯಿಯನ್ನು ಪೈಸೆಗೆ ತಿರುಗಿಸಿ ಪೂರ್ಣಸಂಖ್ಯೆಯಾಗಿ ಇಡುವ ತೀರ್ಮಾನವೂ ನಿಮ್ಮದೇ. ಅದಕ್ಕೆ ಕನ್ನಡದ ವರ್ಣಮಾಲೆಯೂ ತಾನಾಗಿ ಗೊತ್ತಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ ಆದ ಕೂಡಲೇ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ ಆದ ಮೇಲೆ. ಹಾಗಾಗಿ ಎಸ್‌ಕ್ಯೂಲೈಟ್‌ಗೆ ಊರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿಯನ್ನು ತಂದು ಕೂರಿಸುತ್ತದೆ. ನಮ್ಮ ನಿಘಂಟಿನ ಕ್ರಮ ಇದಕ್ಕೆ ತದ್ವಿರುದ್ಧ. ಅಕ್ಷರಗಳನ್ನು ಹೋಲಿಸುವ ಸ್ವಂತ ನಿಯಮ ಸೇರಿಸಲು ಎಸ್‌ಕ್ಯೂಲೈಟ್ ಬಾಗಿಲು ತೆರೆದಿಟ್ಟಿದೆ. ಪೈಥಾನ್‌ನಿಂದಲೇ ಅದನ್ನು ಜೋಡಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಾದರೆ 2017ರಿಂದೀಚೆಗೆ ಭಾಷೆವಾರು ಕ್ರಮಗಳಿರುವ ಐಸಿಯು ಲೈಬ್ರರಿಯ ನೆರವಿದೆ. ಹೊಸಬರ ಶ್ರಮ ಸಾರ್ಥಕವಾಗುವುದು ಇಂಥ ಜಾಗದಲ್ಲಿ. ಬಿ-ಟ್ರೀಯನ್ನು ಸಾವಿರಾರು ಮಂದಿ ಬರೆದಿದ್ದಾರೆ. ನಿಮ್ಮ ಊರಿನ ಡೈರಿಗೆ ಒಪ್ಪುವ ನಿಯಮಗಳನ್ನು ಬರೆದವರು ಬಹುಶಃ ಯಾರೂ ಇಲ್ಲ.

ಆದ್ದರಿಂದ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇರಲಿ. ಒಂದರಲ್ಲಿ ಜನರಿಗೆ ಕೊಡುವ ಪ್ರೋಗ್ರಾಂ, ಅದಕ್ಕೆ ಪಳಗಿದ ಡೇಟಾಬೇಸ್, ಮೇಲೆ ನಿಮ್ಮ ನಿಯಮಗಳು, ಜೊತೆಗೆ ದಿನಕ್ಕೊಂದು ಬ್ಯಾಕಪ್. ಇನ್ನೊಂದರಲ್ಲಿ ನಿಮ್ಮದೇ ಡೇಟಾಬೇಸ್, ದಿನವೂ ಕೆಡಿಸಿ ಕಟ್ಟಲು. ಎರಡನೆಯದು ಮೊದಲನೆಯದರ ಜಾಗಕ್ಕೆ ಬರುವ ದಿನ ಬಂದೀತೆ? ಬರಬಹುದು. ಇರುವ ಡೇಟಾಬೇಸಿನಿಂದ ಆಗದ ಕೆಲಸ ಇಂಥದ್ದು ಎಂದು ಒಂದೇ ವಾಕ್ಯದಲ್ಲಿ ಹೇಳಲು ಬಂದಾಗ, ಮತ್ತು ಆ ಕೊರತೆ ಬಳಸಿ ಕಂಡದ್ದಾಗಿದ್ದಾಗ. ಅಲ್ಲಿಯವರೆಗೆ “ನನ್ನದೇ ಇರಲಿ” ಎಂಬುದು ಕಲಿಯಲು ಸಾಕಷ್ಟು ಒಳ್ಳೆಯ ಕಾರಣ. ಬೇರೆಯವರ ಲೆಕ್ಕ ಇಡಲು ಸಾಲದ ಕಾರಣ.